ಎಡಕ್ಕೆ ವಾಲಿದ ಗೆರೆಯೂ ಒಂದು ಖಾಯಂ ಹುದ್ದೆಯೂ

ತೂಕ ಮತ್ತು ಅಳತೆ ಇಲಾಖೆಯ ಕಟ್ಟಡದಲ್ಲಿ ಓರೆಗೆರೆಯು ಕೆಳಮಹಡಿಯಲ್ಲಿ ಎಡಕ್ಕೂ ಮೇಲ್ಮಹಡಿಯಲ್ಲಿ ಬಲಕ್ಕೂ ವಾಲುತ್ತದೆ. ಇದು ನಿಸರ್ಗದ ನಿಯಮವಲ್ಲ, ಖರೀದಿಯ ನಿಯಮ.

ವಿಷಯ ಇಷ್ಟೇ. ಕಂಪ್ಯೂಟರಿನಲ್ಲಿ ಒಂದು ಫೈಲು ಎಲ್ಲಿದೆ ಎಂದು ಹೇಳಬೇಕಾದರೆ ಅದರ ದಾರಿ ಬರೆಯಬೇಕು: ಇಂಥ ಫೋಲ್ಡರು, ಅದರೊಳಗೆ ಇಂಥ ಫೋಲ್ಡರು, ಅದರೊಳಗೆ ಇಂಥ ಫೈಲು. ಒಂದೊಂದು ಹೆಸರಿನ ನಡುವೆಯೂ ಒಂದು ಓರೆಗೆರೆ ಇರುತ್ತದೆ, ಕೋಣೆಗೂ ಕೋಣೆಗೂ ನಡುವೆ ಹೊಸ್ತಿಲು ಇರುವ ಹಾಗೆ. ಕೆಳಮಹಡಿಯ ಹಳೇ ಯಂತ್ರಗಳಲ್ಲಿ ಆ ಹೊಸ್ತಿಲು \ ಹೀಗೆ, ಊಟವಾದ ಮೇಲೆ ಕುರ್ಚಿಗೆ ಒರಗಿದ ಗುಮಾಸ್ತರ ಹಾಗೆ ಹಿಂದಕ್ಕೆ ಬಿದ್ದಿರುತ್ತದೆ. ಮೇಲ್ಮಹಡಿಯ ಹೊಸ ಯಂತ್ರಗಳಲ್ಲಿ / ಹೀಗೆ, ಐದು ಗಂಟೆಗೆ ಬಾಗಿಲ ಕಡೆ ಹೊರಟ ಅದೇ ಗುಮಾಸ್ತರ ಹಾಗೆ ಮುಂದಕ್ಕೆ ಬಾಗಿರುತ್ತದೆ. ಎರಡೂ ಬೇರೆ ಬೇರೆ ಕಂಪನಿಯ ಮಾಲು. ಮೇಲಿನವರಿಗೆ ಹೊಸ ಯಂತ್ರ ಯಾಕೆ ಕೊಂಡರು ಎಂದರೆ ಹಳೆಯವು ಚೆನ್ನಾಗಿದ್ದವು. ಚೆನ್ನಾಗಿರುವುದನ್ನು ರಿಪೇರಿ ಮಾಡಿಸಲು ನಿಯಮದಲ್ಲಿ ಅವಕಾಶವಿಲ್ಲ, ಬದಲಿಸಲು ಇದೆ.

ಈ ಎರಡು ಮಹಡಿಗಳ ನಡುವೆ ಕಾಗದ ಓಡಾಡುವಂತಿಲ್ಲ. ಕಾಗದರಹಿತ ಆಡಳಿತದ ಸುತ್ತೋಲೆ ಬಂದ ದಿನದಿಂದ ಮೆಟ್ಟಿಲ ಬುಡದಲ್ಲಿ ಒಬ್ಬ ಕಾವಲುಗಾರ ಕೂತಿದ್ದಾನೆ. ಯಾರ ಕೈಯಲ್ಲಾದರೂ ಕಾಗದ ಕಂಡರೆ ಅವರ ಹೆಸರು, ಸಮಯ, ಕಾಗದದ ಉದ್ದಗಲಗಳನ್ನು ಮೂರು ಪ್ರತಿಗಳಲ್ಲಿ ಕಾಗದದ ಮೇಲೆ ಬರೆದುಕೊಂಡು ವಾಪಸ್ ಕಳಿಸುತ್ತಾನೆ. ಆದ್ದರಿಂದ ಕೆಳಗಿನದು ಮೇಲೆ ಹೋಗಬೇಕಾದರೆ ಇರುವುದು ಒಂದೇ ದಾರಿ: ಟೆಂಪರವರಿ ಅಕ್ಕನ ಸ್ಕ್ರಿಪ್ಟು.

ಸ್ಕ್ರಿಪ್ಟು ಅಂದರೆ ಯಂತ್ರಕ್ಕೆ ಬರೆದಿಟ್ಟ ಕೆಲಸದ ಚೀಟಿ. ಅಕ್ಕ ಅದನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ, ಎರಡೂ ಮಹಡಿಯಲ್ಲಿ ಒಂದೇ ಜಾತಿಯ ಯಂತ್ರ ಇದ್ದಾಗ ಬರೆದಿದ್ದಳು. ದಿನಾ ಸಂಜೆ ನಾಲ್ಕಕ್ಕೆ ಅದು ತಾನಾಗಿಯೇ ಎದ್ದು, ಆ ದಿನ ಕೆಳಗೆ ಪರೀಕ್ಷೆಯಾದ ತಕ್ಕಡಿ, ತೂಕದ ಕಲ್ಲು, ಲೀಟರು ಪಾತ್ರೆ ಎಲ್ಲದರ ವರದಿಗಳನ್ನು ಗುಡಿಸಿಕೊಂಡು, ಯಾವುದು ಯಾವ ಫೋಲ್ಡರಿಗೆ ಹೋಗಬೇಕು ಎಂದು ದಾರಿ ಬರೆದು ಮೇಲಕ್ಕೆ ಕಳಿಸುತ್ತದೆ. ಮೇಲಿನವರು ಫೋಲ್ಡರು ತೆರೆದು ಸರ್ಟಿಫಿಕೇಟು ಹೊಡೆಯುತ್ತಾರೆ. ಒಂಬತ್ತು ವರ್ಷದಲ್ಲಿ ಅದು ಒಂದು ದಿನವೂ ರಜೆ ಹಾಕಿರಲಿಲ್ಲ. ಅಕ್ಕನೂ ಹಾಕಿರಲಿಲ್ಲ, ಟೆಂಪರವರಿಯವರಿಗೆ ರಜೆ ಇಲ್ಲ.

ಅಕ್ಕನಿಗೆ ಆ ಹೆಸರು ಇಟ್ಟವರು ಯಾರೆಂದು ದಾಖಲೆಯಿಲ್ಲ. ಸೇರುವಾಗ "ಮೂರು ತಿಂಗಳ ಮಟ್ಟಿಗೆ" ಅಂದಿದ್ದರು. ಈಗ ಒಂಬತ್ತು ವರ್ಷ ಹನ್ನೊಂದು ತಿಂಗಳಾಗಿತ್ತು. ನಿಯಮ ನೂರ ಏಳರ ಪ್ರಕಾರ ಹತ್ತು ವರ್ಷ ತುಂಬುವ ದಿನ ತಾತ್ಕಾಲಿಕ ನೌಕರರು ಖಾಯಂ ಆಗತಕ್ಕದ್ದು, ಇಲ್ಲವೇ ಮನೆಗೆ ಹೋಗತಕ್ಕದ್ದು. ನಡುವೆ ನಿಲ್ಲಲು ಜಾಗವಿಲ್ಲ. ಅವಳನ್ನು ಖಾಯಂ ಮಾಡಿ ಎಂಬ ಫೈಲಿಗೆ ಹೆಡ್‌ಕ್ಲರ್ಕು ಕೊನೆಗೂ ಸಹಿ ಹಾಕಿ, ಅವಳದೇ ಸ್ಕ್ರಿಪ್ಟಿನ ಹೆಗಲೇರಿಸಿ ಮೇಲಕ್ಕೆ ಕಳಿಸಿದ್ದರು. ಇನ್ನು ಇಪ್ಪತ್ತಾರು ದಿನ ಉಳಿದಿದ್ದವು.

ಫೈಲು ಹೋಯಿತು. ಉತ್ತರ ಬರಲಿಲ್ಲ.

ಉತ್ತರ ಬಾರದ್ದು ಅವಳೊಬ್ಬಳಿಗೇ ಅಲ್ಲ. ಮೇಲ್ಮಹಡಿಗೆ ಹೊಸ ಯಂತ್ರ ಬಂದ ಮೂರು ವಾರದಿಂದ 'ಪಾಸಾದವು' ಎಂಬ ಫೋಲ್ಡರು ಖಾಲಿ ಹೊಡೆಯುತ್ತಿತ್ತು. ಮೇಲಿನವರು ಪ್ರಾಮಾಣಿಕರು, ಖಾಲಿ ಕಂಡದ್ದನ್ನು ಖಾಲಿ ಎಂದೇ ವರದಿ ಮಾಡಿದರು: "ಸದರಿ ಊರಿನಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ತಕ್ಕಡಿಗಳ ಸಂಖ್ಯೆ: ಸೊನ್ನೆ." ಮೂರು ವಾರದಲ್ಲಿ ಇಡೀ ಊರಿನ ವ್ಯಾಪಾರಿಗಳು ಒಟ್ಟಿಗೆ ಕಳ್ಳರಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಸಂಖ್ಯೆ ಸೊನ್ನೆಯಾದ್ದರಿಂದ ಕೂಡಿಸಿ ನೋಡುವ ಕಷ್ಟವೂ ಇರಲಿಲ್ಲ. ಜಪ್ತಿ ಆದೇಶ ಹೊರಟಿತು.

ಹಾಗಾಗಿ ತಕ್ಕಡಿ ಇನ್‌ಸ್ಪೆಕ್ಟರು ಮೊದಲು ಹೋದದ್ದು ಮಾರುಕಟ್ಟೆಯ ಮೂಲೆಯಲ್ಲಿ ಈರುಳ್ಳಿ ಮಾರುವ ಈರುಳ್ಳಿಯಮ್ಮನ ಹತ್ತಿರ. ಅವರು ಟೆಂಪರವರಿ ಅಕ್ಕನ ಸ್ವಂತ ತಾಯಿ. ಆ ತಕ್ಕಡಿಯನ್ನು ಇದೇ ಇನ್‌ಸ್ಪೆಕ್ಟರು ಮೂರು ವಾರದ ಹಿಂದೆ ಪರೀಕ್ಷೆ ಮಾಡಿ, ಕೂದಲೆಳೆ ವ್ಯತ್ಯಾಸವೂ ಇಲ್ಲವೆಂದು ಹೊಗಳಿ, ಒಂದು ಈರುಳ್ಳಿಯನ್ನು ಮಾದರಿಗೆಂದು ಜೇಬಿಗೆ ಹಾಕಿಕೊಂಡು ಹೋಗಿದ್ದರು.

"ಅಮ್ಮಾ, ನಿಮ್ಮ ತಕ್ಕಡಿ ಪಾಸಾಗಿಲ್ಲ."

"ನೀವೇ ಅಲ್ವೇನಪ್ಪಾ ಪಾಸು ಮಾಡಿದ್ದು?"

"ನಾನು ಮಾಡಿದೆ. ಆದ್ರೆ ಪಾಸಾದದ್ದು ಮೇಲಕ್ಕೆ ತಲುಪಿಲ್ಲ."

"ತಲುಪ್ದೆ ಇರೋದು ತಕ್ಕಡಿ ತಪ್ಪಾ?"

"ತಕ್ಕಡಿದೇನೂ ತಪ್ಪಿಲ್ಲಮ್ಮಾ. ಜಪ್ತಿ ಅಷ್ಟೇ."

ಈರುಳ್ಳಿಯಮ್ಮ ತಕ್ಕಡಿ ಬಿಚ್ಚಿ ಕೊಟ್ಟರು. ಜೊತೆಗೆ, "ಹುಷಾರು, ಎಡಗಡೆ ತಟ್ಟೆ ಸರಪಳಿ ಸಿಕ್ಕಾಕ್ಕೊಳ್ಳುತ್ತೆ," ಎಂದು ಬುದ್ಧಿಯನ್ನೂ ಹೇಳಿದರು. ಆಮೇಲೆ ಗೋಣಿ ಹಾಸಿ, ಈರುಳ್ಳಿಯನ್ನು ಗುಡ್ಡೆ ಗುಡ್ಡೆಯಾಗಿ ಸುರಿದು, "ಗುಡ್ಡೆ ಇಷ್ಟು, ತಗೊಂಡ್ರೆ ತಗೊಳ್ಳಿ," ಎಂದು ಕೂತರು.

ಮರುದಿನ ಅಕ್ಕ ಕೈ ಬೀಸಿಕೊಂಡು, ಕಾವಲುಗಾರನಿಗೆ ಎರಡೂ ಅಂಗೈ ತೋರಿಸಿ ಮೇಲೆ ಹತ್ತಿದಳು. ಮೇಲಿನ ಯಂತ್ರದ ಮುಂದೆ ಕೂತು ನೋಡಿದಳು. ಯಾವ ಫೈಲೂ ಕಳೆದಿರಲಿಲ್ಲ. ಎಲ್ಲವೂ ಬಂದಿದ್ದವು. ಬಂದು ಬಾಗಿಲಲ್ಲೇ ರಾಶಿ ಬಿದ್ದಿದ್ದವು. 'ತಕ್ಕಡಿ\ಪಾಸಾದವು\ಈರುಳ್ಳಿಯಮ್ಮ' ಎಂದು ಕೆಳಗಿನ ಯಂತ್ರ ದಾರಿ ಹೇಳಿ ಕಳಿಸಿತ್ತು. ಮೇಲಿನ ಯಂತ್ರಕ್ಕೆ ಹಿಂದಕ್ಕೆ ಒರಗಿದ ಗೆರೆ ಹೊಸ್ತಿಲೆಂದು ಗೊತ್ತೇ ಇರಲಿಲ್ಲ. ಅದನ್ನೂ ಒಂದು ಅಕ್ಷರ ಅಂದುಕೊಂಡು, ಇಡೀ ದಾರಿಯನ್ನೇ ಫೈಲಿನ ಹೆಸರು ಎಂದು ಬರೆದುಕೊಂಡಿತ್ತು. "ಯಾವ ಊರಿಗೆ ಹೋಗಬೇಕಪ್ಪಾ?" ಎಂದು ಪ್ರಯಾಣಿಕನನ್ನು ಕೇಳಿ, ಅವನು ಊರಿನ ಹೆಸರು ಹೇಳಿದರೆ, "ಓ, ನಿನ್ನ ಹೆಸರು ಅದಾ, ಕೂತ್ಕೋ," ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೂರಿಸಿದ ಹಾಗೆ. ರಾಶಿಯ ಮಧ್ಯದಲ್ಲಿ 'ಸಿಬ್ಬಂದಿ\ತಾತ್ಕಾಲಿಕ\ಖಾಯಂ ಮಾಡುವುದು' ಕೂಡ ಮುದುರಿ ಕೂತಿತ್ತು.

ಅಕ್ಕ ದಡದಡ ಇಳಿದು ಹೆಡ್‌ಕ್ಲರ್ಕಿನ ಮೇಜಿನ ಮುಂದೆ ನಿಂತಳು.

"ಸಾರ್, ಸಿಕ್ತು. ಒಂದೇ ಒಂದು ಸಾಲು ಸಾಕು. ಕಳಿಸೋ ಮುಂಚೆ ಗೆರೆ ತಿರುಗಿಸು ಅಂತ ಸ್ಕ್ರಿಪ್ಟಿಗೆ ಹೇಳಿದ್ರೆ ಎಲ್ಲಾ ಅದರದರ ಜಾಗಕ್ಕೆ ಹೋಗಿ ಕೂರುತ್ತೆ."

ಹೆಡ್‌ಕ್ಲರ್ಕು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ನಿಯಮ ಬರುತ್ತದೆ ಎಂದು ಕೆಳಮಹಡಿಗೆಲ್ಲ ಗೊತ್ತು.

"ಆ ಸಾಲು ಹಾಕಿದ್ಮೇಲೆ ಮತ್ತೆ ಕೆಡುತ್ತಾ?"

"ಇಲ್ಲ ಸಾರ್, ಮತ್ತೆ ಕೆಡೋ ಪ್ರಶ್ನೇನೇ ಇಲ್ಲ."

"ಹಾಗಾದ್ರೆ ಆಗಲ್ಲಮ್ಮಾ. ಅದು ಶಾಶ್ವತ ದುರಸ್ತಿ ಆಯ್ತು. ತಾತ್ಕಾಲಿಕ ನೌಕರರು ಶಾಶ್ವತ ದುರಸ್ತಿ ಮಾಡತಕ್ಕದ್ದಲ್ಲ. ನಿಯಮ ಐವತ್ತೆರಡು. ಸ್ವಲ್ಪ ದಿನ ಸರಿಹೋಗಿ ಆಮೇಲೆ ಕೆಡೋ ಥರ ಏನಾದ್ರೂ ಇದ್ರೆ ನೋಡಿ."

"ಹಾಗಾದ್ರೆ ಖಾಯಂ ಇರೋರು ಯಾರಾದ್ರೂ ಮಾಡ್ಲಿ ಸಾರ್. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ."

"ಖಾಯಂ ಇರೋರಿಗೆ ಕಂಪ್ಯೂಟರ್ ಬರಲ್ವಲ್ಲಮ್ಮಾ. ಬಂದಿದ್ರೆ ನಿಮ್ಮನ್ನ ಯಾಕೆ ಇಟ್ಕೋತಿದ್ವಿ?"

"ಮೇಲಿಂದ ಅನುಮತಿ ತಗೊಂಡ್ರೆ?"

"ಬರೆದು ಕಳಿಸ್ತೀನಿ," ಎಂದರು ಹೆಡ್‌ಕ್ಲರ್ಕು, ಬಹಳ ಒಳ್ಳೆಯ ಮನಸ್ಸಿನಿಂದ. "ಇವತ್ತು ನಾಲ್ಕು ಗಂಟೆಗೆ. ನಿಮ್ಮ ಸ್ಕ್ರಿಪ್ಟಲ್ಲೇ."

ವಿಷಯ ದೊಡ್ಡ ಸಾಹೇಬರವರೆಗೆ ಹೋಯಿತು. ದೊಡ್ಡ ಸಾಹೇಬರು ಇಲಾಖೆಯ ಮುಖ್ಯಸ್ಥರು. ಅವರ ಕೋಣೆಯ ಗೋಡೆಯ ಮೇಲೆ 'ಸಂಶಯ ಬಂದರೆ ಅಳೆ' ಎಂಬ ಇಲಾಖೆಯ ಧ್ಯೇಯವಾಕ್ಯ ಹಿತ್ತಾಳೆ ಅಕ್ಷರಗಳಲ್ಲಿದೆ. ಸಂಶಯ ಬಂದಿತ್ತು. ಆದ್ದರಿಂದ ಓರೆಗೆರೆ ಮಾಪನ ಸಮಿತಿ ರಚನೆಯಾಯಿತು. ಇಲಾಖೆಯ ಗೋದಾಮಿನಲ್ಲಿ ಗಜಕಡ್ಡಿಯಿಂದ ಹಿಡಿದು ಲಾರಿ ತೂಗುವ ಸೇತುವೆಯವರೆಗೆ ಎಲ್ಲ ಉಪಕರಣಗಳೂ ಇದ್ದವು, ಕೋನ ಅಳೆಯುವುದು ಮಾತ್ರ ಇರಲಿಲ್ಲ. ತಕ್ಕಡಿ ಇನ್‌ಸ್ಪೆಕ್ಟರು ಶಾಲೆಗೆ ಹೋಗುವ ತಮ್ಮ ಮಗಳ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದರು. ಪರದೆಗೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅಳೆದರು. ಕೆಳಗೆ: ಎಡಕ್ಕೆ ಹದಿನೆಂಟು ಡಿಗ್ರಿ. ಮೇಲೆ: ಬಲಕ್ಕೆ ಹದಿನೆಂಟೂವರೆ ಡಿಗ್ರಿ.

ಆ ಅರ್ಧ ಡಿಗ್ರಿ ಎಲ್ಲಿಂದ ಬಂತು ಎಂದು ಎರಡು ಸಭೆ ನಡೆಯಿತು. ಮೇಲ್ಮಹಡಿಯಲ್ಲಿ ಗಾಳಿ ಜಾಸ್ತಿ ಎಂದು ತೀರ್ಮಾನವಾಯಿತು. ಮೂರನೇ ಸಭೆ ಆ ಕಿಟಕಿ ಮುಚ್ಚಿಸಿತು.

ಅಕ್ಕ ಸಭೆಯ ಮೂಲೆಯಲ್ಲಿ ನಿಂತು ದಿನ ಎಣಿಸುತ್ತಿದ್ದಳು. ಹತ್ತೊಂಬತ್ತು. ಹದಿನೆಂಟು.

ನಾಲ್ಕನೇ ಸಭೆಯಲ್ಲಿ ಇನ್‌ಸ್ಪೆಕ್ಟರು ಪರಿಹಾರ ಸೂಚಿಸಿದರು. "ಗೆರೆ ಎಡಕ್ಕೆ ಬಿದ್ದಿದೆ ತಾನೇ ಸಾರ್? ಪರದೆಯನ್ನೇ ತಲೆಕೆಳಗು ಮಾಡಿಬಿಡೋಣ. ಬಲಕ್ಕೆ ಬೀಳುತ್ತೆ."

ಕೆಳಮಹಡಿಯ ಇಪ್ಪತ್ತೆರಡು ಪರದೆಗಳನ್ನೂ ತಲೆಕೆಳಗು ಮಾಡಲಾಯಿತು. ಅಕ್ಷರಗಳೆಲ್ಲ ಬಾವಲಿಗಳ ಹಾಗೆ ನೇತಾಡಿದವು. ಗೆರೆ ಮಾತ್ರ ಮೊದಲು ಹೇಗಿತ್ತೋ ಹಾಗೇ ಎಡಕ್ಕೇ ವಾಲಿ ನಿಂತಿತು. ಇನ್‌ಸ್ಪೆಕ್ಟರು ಮತ್ತೆ ಅಳೆದರು. ಹದಿನೆಂಟು ಡಿಗ್ರಿ, ಒಂದು ಚೂರೂ ಕದಲಿಲ್ಲ. ಅವರು ತಾವೇ ಬಗ್ಗಿ ಕಾಲುಗಳ ನಡುವಿನಿಂದ ನೋಡಿದರು. ಆಗಲೂ ಎಡಕ್ಕೇ.

"ಸಾರ್, ಇದು ಬೋರಲು ಹಾಕಿದ್ರೂ ಹಟ ಬಿಡಲ್ಲ," ಎಂದು ಆ ಭಂಗಿಯಲ್ಲೇ ವರದಿ ಮಾಡಿದರು.

"ಎದ್ದು ನಿಂತು ಹೇಳ್ರೀ, ನಡಾವಳಿಲಿ ಬರೀಬೇಕು," ಎಂದರು ದೊಡ್ಡ ಸಾಹೇಬರು.

ಎದ್ದು ನಿಂತ ಇನ್‌ಸ್ಪೆಕ್ಟರಿಗೆ ರಕ್ತವೆಲ್ಲ ತಲೆಗೆ ಹೋಗಿದ್ದರಿಂದ ಇನ್ನೊಂದು ಯೋಚನೆ ಹೊಳೆಯಿತು. ಕನ್ನಡಿ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದು ಹಿರಿಯರು ಹೇಳಿದ್ದಾರೆ. ಆದರೆ ಹಿರಿಯರು ಯಾರೂ ಖರೀದಿ ಸಮಿತಿಯಲ್ಲಿ ಇರಲಿಲ್ಲ. ಮೂವತ್ತೊಂದು ಕನ್ನಡಿಗಳು ಬಂದವು. ಎರಡೂ ಮಹಡಿಯ ಪ್ರತಿ ಮೇಜಿಗೂ ಒಂದು. ಕೆಳಗಿನ ಪರದೆಯ ಎದುರು ಹಿಡಿದರೆ ಗೆರೆ ಮುದ್ದಾಗಿ ಬಲಕ್ಕೆ ವಾಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಷರಗಳೂ ತಿರುಗಿಬಿದ್ದಿದ್ದವು, ಅದಕ್ಕೆ ಸಿಬ್ಬಂದಿಗೆ ಮೂರು ದಿನದ ತಿರುಗುಮುರುಗು ಓದಿನ ತರಬೇತಿ ಕೊಡಲಾಯಿತು. ಕೊನೆಯ ದಿನ ಗುಂಪಿನ ಫೋಟೋ ತೆಗೆದರು, ಕನ್ನಡಿಯೊಳಗಿಂದ.

"ಸಾರ್," ಎಂದಳು ಅಕ್ಕ ಮೆಲ್ಲಗೆ, "ಕನ್ನಡಿ ನಾವು ನೋಡ್ತೀವಿ. ಯಂತ್ರ ನೋಡಲ್ಲ."

ಸಭೆಯ ನಡಾವಳಿಯಲ್ಲಿ 'ಯಂತ್ರದ ಅಸಹಕಾರ' ಎಂದು ದಾಖಲಿಸಿ, ಎಲ್ಲರೂ ಟೀಗೆ ಎದ್ದರು. ಕನ್ನಡಿಗಳಿಂದ ಯಾವ ಪ್ರಯೋಜನವೂ ಆಗಲಿಲ್ಲ ಎನ್ನುವಂತಿಲ್ಲ. ಆ ವಾರದಿಂದ ಮೇಲ್ಮಹಡಿಯವರೆಲ್ಲ ಬೈತಲೆ ನೇರವಾಗಿ ತೆಗೆಯುತ್ತಿದ್ದರು.

ಒಂಬತ್ತು ದಿನ ಉಳಿದಾಗ ಅಕ್ಕ ತಪ್ಪು ಮಾಡಿದಳು. ಊಟದ ಹೊತ್ತು. ಕೆಳಮಹಡಿ ಖಾಲಿ, ಡಬ್ಬಿಗಳ ಸದ್ದು ಮಾತ್ರ ಪಕ್ಕದ ಕೋಣೆಯಿಂದ ಬರುತ್ತಿತ್ತು. ಅವಳು ಸ್ಕ್ರಿಪ್ಟು ತೆರೆದು ಆ ಒಂದು ಸಾಲು ಬರೆದಳು. ಕಳಿಸುವ ಮುಂಚೆ ಎಡಕ್ಕೆ ವಾಲಿದ್ದನ್ನೆಲ್ಲ ಬಲಕ್ಕೆ ತಿರುಗಿಸು. ಬರೆಯುವುದಕ್ಕೆ ಒಂದು ತುತ್ತು ನುಂಗುವಷ್ಟು ಹೊತ್ತೂ ಹಿಡಿಯಲಿಲ್ಲ. ಬಾಗಿಲಲ್ಲಿ ರಾಶಿ ಬಿದ್ದಿದ್ದ ಹಳೆಯವನ್ನೂ ಮತ್ತೊಮ್ಮೆ ಕಳಿಸು ಎಂದೂ ಹೇಳಿದಳು. ನಾಲ್ಕು ಗಂಟೆಗೆ ಸ್ಕ್ರಿಪ್ಟು ಎದ್ದಿತು. ನಾಲ್ಕು ಗಂಟೆ ಒಂದು ನಿಮಿಷಕ್ಕೆ ಊರಿನ ಎಂಟುನೂರ ಹನ್ನೆರಡು ತಕ್ಕಡಿಗಳು 'ಪಾಸಾದವು' ಫೋಲ್ಡರಿನೊಳಗೆ ಶಾಲೆ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ಈರುಳ್ಳಿಯಮ್ಮನದೂ ಕೂತಿತ್ತು. 'ಖಾಯಂ ಮಾಡುವುದು' ಕೂಡ ತನ್ನ ಕೋಣೆಗೆ ಹೋಗಿ ಕೂತಿತು.

ಮೇಲ್ಮಹಡಿಯಲ್ಲಿ ಗಾಬರಿ ಎದ್ದಿತು. ಎಲ್ಲವೂ ಸರಿಯಾಗಿ ಬಂದಿದೆ ಎಂದು ಮೊದಲು ಕಂಡವರಿಗೆ ಕುಡಿಯಲು ನೀರು ಕೊಡಬೇಕಾಯಿತು. ಐದು ಗಂಟೆಯೊಳಗೆ ಈ ಕೆಳಗಿನ ತುರ್ತು ಪ್ರಕಟಣೆ ಹೊರಬಿತ್ತು:

"ಈ ದಿನ ಸಂಜೆ ಕೆಲವು ಫೈಲುಗಳು ಪೂರ್ವಾನುಮತಿಯಿಲ್ಲದೆ ಸರಿಯಾದ ಸ್ಥಳಕ್ಕೆ ತಲುಪಿರುವುದು ಕಂಡುಬಂದಿದೆ. ಸಮಿತಿಯ ವರದಿ ಬರುವ ಮುನ್ನ ಸರಿಹೋಗುವುದು ಸಮಿತಿಗೆ ತೋರಿದ ಅಗೌರವವಾಗಿರುತ್ತದೆ. ಸದರಿ ಫೈಲುಗಳನ್ನು ನಾಳೆ ಮಧ್ಯಾಹ್ನದೊಳಗೆ ಅವುಗಳ ಮೂಲ ತಪ್ಪು ಸ್ಥಳಕ್ಕೆ ಮರಳಿಸತಕ್ಕದ್ದು. ಕಿಟಕಿ ಮುಚ್ಚಿರುವುದು ಮುಂದುವರಿಯುತ್ತದೆ."

ಎಂಟುನೂರ ಹನ್ನೆರಡು ಫೈಲುಗಳನ್ನೂ ಒಂದೊಂದಾಗಿ ಎತ್ತಿ ಬಾಗಿಲಿಗೆ ಹಾಕಿದರು. ಅಕ್ಕನ ಫೈಲನ್ನು ಮಾತ್ರ ಹಾಕುವ ಮುಂಚೆ ಮೇಲಿನ ಅಧಿಕಾರಿಯೊಬ್ಬರು ಓದಿಬಿಟ್ಟರು. ಐದು ವಾರದಿಂದ ಓದಲು ಏನೂ ಇಲ್ಲದೆ ಅವರಿಗೆ ಬೇಸರವಾಗಿತ್ತು. ಓದಿ ಷರಾ ಬರೆದರು: "ಅರ್ಜಿದಾರರ ಕೆಲಸ ಸ್ಕ್ರಿಪ್ಟು ಓಡಿಸುವುದು. ಸ್ಕ್ರಿಪ್ಟು ತಾನಾಗಿಯೇ ಓಡುತ್ತದೆ. ಆದ್ದರಿಂದ ಅರ್ಜಿದಾರರಿಗೆ ಕೆಲಸವಿಲ್ಲ. ಕೆಲಸವಿಲ್ಲದವರಿಗೆ ಖಾಯಂ ಹುದ್ದೆ ಕೊಡಲು, ಅವರು ಈಗಾಗಲೇ ಖಾಯಂ ಆಗಿದ್ದರೆ ಮಾತ್ರ ಅವಕಾಶವಿದೆ."

ಮಾರನೇ ದಿನ ದೊಡ್ಡ ಸಾಹೇಬರು ಅಕ್ಕನನ್ನು ಕರೆಸಿದರು. ಪಕ್ಕದಲ್ಲಿ ಹೆಡ್‌ಕ್ಲರ್ಕು ಆಗಲೇ ಕನ್ನಡಕ ಒರೆಸುತ್ತಿದ್ದರು.

"ಆ ಸಾಲು ನೀವೇ ಹಾಕಿದ್ದಾ?"

"ಹೌದು ಸಾರ್."

"ಎಷ್ಟು ದಿನ ಕೆಲಸ ಮಾಡುತ್ತೆ ಅದು?"

"ಯಂತ್ರ ಇರೋವರೆಗೂ ಸಾರ್."

"ಅಂದ್ರೆ ಖಾಯಂ."

"ಹೌದು ಸಾರ್."

"ನೋಡಿದ್ರಾ," ಎಂದರು ಹೆಡ್‌ಕ್ಲರ್ಕು ನೊಂದ ದನಿಯಲ್ಲಿ, "ನಿನ್ನೆ ಸೇರಿದ ಸಾಲು ಖಾಯಂ ಆಗೋಯ್ತು, ಹತ್ತು ವರ್ಷದಿಂದ ಇರೋ ನೀವು ಇನ್ನೂ ಟೆಂಪರವರಿ. ಸೀನಿಯಾರಿಟಿ ಏನಾಗಬೇಕಮ್ಮಾ?"

ಅಕ್ಕ ನೆಲ ನೋಡಿದಳು. ಅವಳಿಗೆ ಅಳು ಬರುವುದರಲ್ಲಿತ್ತು, ಆದರೆ ತಾತ್ಕಾಲಿಕ ನೌಕರರು ಕಚೇರಿಯ ಅವಧಿಯಲ್ಲಿ ಅಳಬಹುದೋ ಇಲ್ಲವೋ ತಿಳಿಯದೆ ತಡೆದುಕೊಂಡಳು.

ದೊಡ್ಡ ಸಾಹೇಬರು ಕೆಟ್ಟವರಲ್ಲ. ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದರು. "ಕೂತ್ಕೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಸಮಿತಿ ವರದಿ ಬಂದಿದೆ. ಎಡಗೆರೆಯನ್ನ ಬಲಗೆರೆ ಮಾಡೋಕೆ ಒಂದು ಖಾಯಂ ಹುದ್ದೆ ಬೇಕು ಅಂತ ಶಿಫಾರಸು ಮಾಡಿದ್ದಾರೆ. ಓರೆಗೆರೆ ಪರಿವರ್ತಕರು. ಒಂದೊಂದೇ ಫೈಲು ತೆಗೆದು, ಕೈಯಲ್ಲಿ ಗೆರೆ ತಿರುಗಿಸಿ, ಒಳಗೆ ಕಳಿಸೋದು. ಅನುಭವ ಇರೋರು ಊರಲ್ಲೆಲ್ಲಾ ನೀವೊಬ್ರೇ."

"ಆದ್ರೆ ಸಾರ್, ಅದನ್ನ ಆ ಸಾಲೇ..."

"ಅದೇ ಹೇಳ್ತಿರೋದು. ಸಮಸ್ಯೆ ಖಾಯಂ ಆಗಿ ಇದ್ರೆ ಹುದ್ದೇನೂ ಖಾಯಂ. ಸಮಸ್ಯೆ ಹೋದ್ರೆ ಹುದ್ದೆ ಹೋಯ್ತು, ಹುದ್ದೆ ಹೋದ್ರೆ ನೀವು ಹೋದ್ರಿ. ಎಂಟು ದಿನ ಇದೆ. ಯೋಚನೆ ಮಾಡಿ."

ಆ ಸಂಜೆ ಅಕ್ಕ ನೇರ ಮಾರುಕಟ್ಟೆಗೆ ಹೋಗಿ ತಾಯಿಯ ಪಕ್ಕ ಗೋಣಿಯ ಅಂಚಿನಲ್ಲಿ ಕೂತಳು. ಗಿರಾಕಿಯೊಬ್ಬಳು ಎರಡು ಗುಡ್ಡೆಗಳ ನಡುವೆ ಚೌಕಾಸಿ ಮಾಡುತ್ತಿದ್ದಳು.

"ಈ ಗುಡ್ಡೆ ಆ ಗುಡ್ಡೆಗಿಂತ ಚಿಕ್ಕದಲ್ವಾ?"

"ಇದ್ರಲ್ಲಿ ಈರುಳ್ಳಿ ದೊಡ್ಡದಿದೆ ಕಣಮ್ಮಾ, ಅದ್ರಲ್ಲಿ ಗುಡ್ಡೆ ದೊಡ್ಡದಿದೆ. ನಿಂಗೆ ಯಾವುದು ಬೇಯಿಸ್ಬೇಕು ಹೇಳು."

ಗಿರಾಕಿ ನಕ್ಕು ದುಡ್ಡು ಕೊಟ್ಟು ಹೋದಳು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಈರುಳ್ಳಿಯಮ್ಮ ಒಂದೊಂದೇ ಸಿಪ್ಪೆ ಬಿಡಿಸಿ ಎಸೆಯುತ್ತ ಕೇಳಿದರು.

"ಅಂದ್ರೆ, ಆ ಸಾಲು ಇದ್ರೆ ನನ್ನ ತಕ್ಕಡಿ ವಾಪಸ್ ಬರುತ್ತೆ."

"ಹೂಂ ಅಮ್ಮ. ಊರೋರದ್ದೆಲ್ಲಾ ಬರುತ್ತೆ."

"ಇಲ್ದೆ ಇದ್ರೆ ನೀನು ಖಾಯಂ."

"ಹೂಂ."

"ಮತ್ತೆ ಮುಖ ಯಾಕೆ ಹಂಗೆ ಹರಳೆಣ್ಣೆ ಕುಡ್ದೋರ ಥರ ಮಾಡ್ಕೊಂಡಿದ್ದೀಯ?"

"ಅದು ತಪ್ಪಲ್ವಾ ಅಮ್ಮ? ಸರಿ ಮಾಡೋಕೆ ಬರುತ್ತೆ ನಂಗೆ. ಬಂದೂ ಕೆಡಿಸೋದು..."

"ನೋಡು, ತಕ್ಕಡಿ ಇಲ್ದೆ ನಾನು ಹೆಂಗೋ ವ್ಯಾಪಾರ ಮಾಡ್ತಿದ್ದೀನಿ. ಕೆಲಸ ಇಲ್ದೆ ನೀನೇನು ಮಾಡ್ತೀಯ? ಇಲ್ಲಿ ಬಂದು ನಂಗೆ ಸಹಾಯ ಮಾಡ್ತೀನಿ ಅಂತ ಕೂರ್ತೀಯ. ಒಂದೇ ವಾರಕ್ಕೆ ಗುಡ್ಡೆಗುಡ್ಡೆಗೂ ಲೆಕ್ಕ ಬರೆದು ವ್ಯಾಪಾರ ಮುಳುಗಿಸ್ತೀಯ. ನಂಗೆ ಮೊಣಕಾಲು ಬೇರೆ ಹಿಡ್ಕೊಳ್ತಿದೆ, ಇನ್ನೆಷ್ಟು ವರ್ಷ ಇಲ್ಲಿ ಕುಕ್ಕರಗಾಲಲ್ಲಿ ಕೂತಿರ್ಲಿ? ಹೋಗು, ಅಳಿಸ್ಬಿಟ್ಟು ಬಾ."

ಅಕ್ಕ ಬರೆದ ಸಾಲುಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಚಿಕ್ಕದು, ಅಚ್ಚುಕಟ್ಟು, ಯಾರಿಗೂ ತೊಂದರೆ ಕೊಡದ್ದು. ಬೆಳಿಗ್ಗೆ ಕಚೇರಿಗೆ ಹೋಗಿ, ಹೆಡ್‌ಕ್ಲರ್ಕಿನ ಸಮ್ಮುಖದಲ್ಲಿ, ಇನ್‌ಸ್ಪೆಕ್ಟರು ಸಾಕ್ಷಿಯಾಗಿ ನಿಂತಿರಲು, ಅವಳು ಅದನ್ನು ಅಳಿಸಿದಳು. ಇನ್‌ಸ್ಪೆಕ್ಟರು ಖಾಲಿಯಾದ ಜಾಗವನ್ನು ಅಳೆದು ಬರೆದುಕೊಂಡರು.

ಆರು ದಿನದ ನಂತರ, ಹತ್ತು ವರ್ಷ ತುಂಬುವ ಹಿಂದಿನ ಸಂಜೆ, ಆದೇಶ ಬಂತು. ಅದರ ಮುಖ್ಯಾಂಶಗಳು ಹೀಗಿವೆ:

"ಶ್ರೀಮತಿ ಟೆಂಪರವರಿ ಅಕ್ಕ ಇವರನ್ನು ಓರೆಗೆರೆ ಪರಿವರ್ತಕರ ಹುದ್ದೆಗೆ ಖಾಯಂ ಆಗಿ ನೇಮಿಸಲಾಗಿದೆ. ಇವರು ಎರಡೂ ಮಹಡಿಗಳಿಗೆ ಸಮಾನರಾಗಿರಬೇಕಾದ್ದರಿಂದ ಇವರ ಮೇಜನ್ನು ಮೆಟ್ಟಿಲಿನ ನಡುವಿನ ತಿರುವಿನಲ್ಲಿ ಹಾಕತಕ್ಕದ್ದು. ದಿನಕ್ಕೆ ಇಪ್ಪತ್ತು ಗೆರೆಗಳಿಗಿಂತ ಹೆಚ್ಚು ತಿರುಗಿಸತಕ್ಕದ್ದಲ್ಲ. ತಿರುಗಿಸಿದರೆ ಹುದ್ದೆಯ ಅಗತ್ಯವನ್ನು ಮರುಪರಿಶೀಲಿಸಲಾಗುವುದು. ಪಕ್ಷಪಾತಕ್ಕೆ ಎಡೆಯಾಗದಂತೆ ಇವರು ತಮ್ಮ ರಕ್ತಸಂಬಂಧಿಗಳ ಗೆರೆಗಳನ್ನು ಯಾವ ಕಾರಣಕ್ಕೂ ತಿರುಗಿಸತಕ್ಕದ್ದಲ್ಲ."

ಆದೇಶ ಮೇಲಿನಿಂದ ಕೆಳಕ್ಕೆ ಹೇಗೆ ಬಂತು ಎಂದು ಕೇಳಬಹುದು. ಕೆಳಗಿನ ಹಳೇ ಯಂತ್ರ ಗೆರೆ ಯಾವ ಕಡೆ ವಾಲಿದ್ದರೂ ತಕರಾರಿಲ್ಲದೆ ಅರ್ಥಮಾಡಿಕೊಳ್ಳುತ್ತದೆ. ಕೆಳಗಿನವರ ಹಣೆಬರಹವೇ ಹಾಗೆ.

ಖಾಯಂ ಆದ ಮೊದಲ ದಿನ ಅಕ್ಕನಿಗೆ ಒಂದು ವಿಷಯ ಹೊಳೆಯಿತು. ಈಗ ತಾನು ಖಾಯಂ. ನಿಯಮ ಐವತ್ತೆರಡು ತನ್ನನ್ನು ಮುಟ್ಟುವುದಿಲ್ಲ. ಶಾಶ್ವತ ದುರಸ್ತಿ ಮಾಡಬಹುದು. ಇಳಿದು ಹೋಗಿ ಕೇಳಿದಳು.

"ಧಾರಾಳವಾಗಿ ಮಾಡಬಹುದಮ್ಮಾ," ಎಂದರು ಹೆಡ್‌ಕ್ಲರ್ಕು. ಕನ್ನಡಕ ಒರೆಸಿದರು. "ಆದ್ರೆ ಮಾಡಿದ ತಕ್ಷಣ ನಿಮ್ಮ ಹುದ್ದೆ ನೀವೇ ರದ್ದು ಮಾಡ್ಕೊಂಡ ಹಾಗೆ. ಅದು ರಾಜೀನಾಮೆಗೆ ಸಮ. ಮೂರು ತಿಂಗಳು ಮುಂಚೆ ನೋಟಿಸು ಕೊಡ್ಬೇಕು, ಅದು ಮೇಲಕ್ಕೆ ಹೋಗ್ಬೇಕು, ಅದ್ರ ಗೆರೆ ನೀವೇ ತಿರುಗಿಸ್ಬೇಕು. ನಿಮ್ಮದೇ ಫೈಲಿನ ಗೆರೆ ನೀವು ತಿರುಗಿಸೋ ಹಾಗಿಲ್ಲ. ನಿಮ್ಮಷ್ಟು ಹತ್ತಿರದ ರಕ್ತಸಂಬಂಧಿ ನಿಮಗೆ ಇನ್ಯಾರಿದ್ದಾರೆ?"

ಅಕ್ಕ ಆ ಲೆಕ್ಕದಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. "ಸರಿ ಸಾರ್," ಎಂದು ಮೆಟ್ಟಿಲು ಹತ್ತಿ ತಿರುವಿನಲ್ಲಿ ಕೂತಳು.

ಈಗ ಎಲ್ಲ ಸುಸೂತ್ರ.

ಅಕ್ಕ ದಿನಕ್ಕೆ ಇಪ್ಪತ್ತು ಗೆರೆ ತಿರುಗಿಸುತ್ತಾಳೆ. ಒಂದು ಗೆರೆಗೆ ಒಂದು ಕ್ಷಣ ಸಾಕು; ಉಳಿದ ಹೊತ್ತಿನಲ್ಲಿ ಹತ್ತಿಳಿಯುವವರಿಗೆ ದಾರಿ ಬಿಡಲು ಕುರ್ಚಿ ಸರಿಸುತ್ತಾಳೆ. ಸರ್ಟಿಫಿಕೇಟು ಬರಲು ಏಳೆಂಟು ತಿಂಗಳು ಹಿಡಿಯುತ್ತದೆ, ಹಿಂದೆ ವಾರಗಟ್ಟಲೆ ಏನೂ ಬಾರದೇ ಇದ್ದುದಕ್ಕೆ ಹೋಲಿಸಿದರೆ ಇದು ಭಾರಿ ಪ್ರಗತಿ ಎಂದು ವಾರ್ಷಿಕ ವರದಿಯಲ್ಲಿ ಬಂದಿದೆ. ಮೇಲಿನ ಕಿಟಕಿ ಮುಚ್ಚಿಯೇ ಇದೆ. ಜಪ್ತಿಯಾದ ತಕ್ಕಡಿಗಳಿಂದ ಗೋದಾಮು ತುಂಬಿದ್ದರಿಂದ ಮಾರುಕಟ್ಟೆಯವರೆಲ್ಲ ಈರುಳ್ಳಿಯಮ್ಮನನ್ನು ನೋಡಿ ಗುಡ್ಡೆ ವ್ಯಾಪಾರಕ್ಕೆ ಇಳಿದರು. ಇಲಾಖೆ ಸುಮ್ಮನಿರುತ್ತದೆಯೇ? ಇನ್‌ಸ್ಪೆಕ್ಟರು ಗಜಕಡ್ಡಿ ಹಿಡಿದು ಬಂದು ಗುಡ್ಡೆಗಳ ಎತ್ತರ, ಸುತ್ತಳತೆ, ಮತ್ತು ಹೊಸ ಕೋನಮಾಪಕದಿಂದ ಇಳಿಜಾರು ಅಳೆದರು. 'ಪ್ರಮಾಣಿತ ಗುಡ್ಡೆ' ಜಾರಿಗೆ ಬಂತು. ಪ್ರತಿ ಗುಡ್ಡೆಗೂ ಸರ್ಟಿಫಿಕೇಟು ಬೇಕು. ಗುಡ್ಡೆ ಮಾರಿಹೋದ ಏಳೆಂಟು ತಿಂಗಳಿಗೆ ಅದರ ಸರ್ಟಿಫಿಕೇಟು ತಪ್ಪದೆ ಬರುತ್ತದೆ.

ಈರುಳ್ಳಿಯಮ್ಮನದು ಮಾತ್ರ ಬರುವುದಿಲ್ಲ, ಸ್ವಂತ ತಾಯಿ. ಅದಕ್ಕೂ ಅವರಿಗೆ ಬೇಸರವಿಲ್ಲ. ಮೊನ್ನೆ ಗಿರಾಕಿಯೊಬ್ಬರು ಗುಡ್ಡೆ ಆರಿಸುತ್ತ ಕೇಳಿದರು.

"ನಿಮ್ಮ ಮಗಳು ಆಫೀಸಲ್ಲಿ ಏನು ಕೆಲಸ ಮಾಡೋದು?"

"ಗೆರೆ ತಿರುಗಿಸ್ತಾಳೆ," ಎಂದರು ಈರುಳ್ಳಿಯಮ್ಮ, ಸೆರಗು ಸರಿಮಾಡಿಕೊಂಡು. "ಖಾಯಂ."

"ತಿರುಗಿಸದೆ ಇದ್ರೆ ಏನಾಗುತ್ತೆ?"

"ತಿರುಗಿಸದೆ ಇದ್ರೆ ಎಲ್ಲಾ ಕೆಲಸ ನಿಂತೋಗುತ್ತೆ ಕಣಪ್ಪಾ."

"ಹಾಗಾದ್ರೆ ದೊಡ್ಡ ಕೆಲಸಾನೇ," ಎಂದು ಗಿರಾಕಿ ತಲೆದೂಗಿದರು. ಒಂದು ಗುಡ್ಡೆಯನ್ನು ಚೀಲಕ್ಕೆ ಸುರಿದುಕೊಂಡು ಕೇಳಿದರು: "ನಮ್ಮ ಹುಡುಗೀನೂ ಕಂಪ್ಯೂಟರ್ ಓದಿದ್ದಾಳೆ. ಅಲ್ಲಿ ಇನ್ನೇನಾದ್ರೂ ಕೆಟ್ಟಿದೆಯಾ, ಸ್ವಲ್ಪ ಕೇಳಿ ನೋಡ್ತೀರಾ?"